ಶ್ರೀಮಂತರಿಗೆ ಕಷ್ಟ ಬಂದಿದೆ, ಸ್ವಲ್ಪ ಮೆಲ್ಲಗೆ ಕೇಳಿ

ಆರ್ಥಿಕ ಹಿಂಜರಿತ ಬಂದಾಗ ಎಲ್ಲರಿಗಿಂತ ಮೊದಲು ಬಡವಾಗುವವರು ಶ್ರೀಮಂತರು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಗೆ ಸಂಬಳ ನಿಂತ ದಿನ ಗೊತ್ತಾಗುವ ಸಂಗತಿ ಇವರಿಗೆ ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರುಪೇಟೆ ತೆರೆದ ಕೂಡಲೇ ತಿಳಿದುಹೋಗುತ್ತದೆ. ಅವಳು ಕಳೆದುಕೊಂಡದ್ದು ಬರೀ ಕೆಲಸ. ಇವರು ಕಳೆದುಕೊಂಡದ್ದು ನೂರಕ್ಕೆ ಹದಿನೆಂಟು! ಇನ್ನು ಉಳಿದ ಎಂಬತ್ತೆರಡರಲ್ಲೇ ಹೇಗೋ ಕಾಲ ತಳ್ಳಬೇಕು. ಇಂಥ ಹೊತ್ತಿನಲ್ಲಿ ಮಹಿಳಾ ನಿಧಿಯವರು ಬಾಗಿಲು ತಟ್ಟಿದರೆ ಯಾರ ಕರುಳು ತಾನೇ ಚುರುಕ್ ಅನ್ನದು? ಅನ್ನುತ್ತದೆ, ತಮ್ಮ ಬಗ್ಗೆಯೇ.

ಮಹಿಳಾ ನಿಧಿ ಎಂದರೆ ಉಳ್ಳವರಿಂದ ದೊಡ್ಡ ಮೊತ್ತ ಪಡೆದು, ಬ್ಯಾಂಕಿನವರೂ ಭಾರೀ ಪ್ರತಿಷ್ಠಾನದವರೂ ತಿರುಗಿ ನೋಡದ ಸಣ್ಣಪುಟ್ಟ ಹೆಂಗಸರ ಗುಂಪುಗಳಿಗೆ ಹಂಚುವ ಸಂಸ್ಥೆ. ಅಮೆರಿಕದಲ್ಲಿ ಇದು ಎಪ್ಪತ್ತರ ದಶಕದಲ್ಲೇ ಶುರುವಾಯಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ 1983ರಲ್ಲಿ ಐವರು ಹೆಂಗಸರು ಸೇರಿ ‘ಮಾಮಾ ಕ್ಯಾಶ್’ ಕಟ್ಟಿದರು. ಅವರಲ್ಲೊಬ್ಬರಿಗೆ ಪಿತ್ರಾರ್ಜಿತವಾಗಿ ಬಂದ ಹಣವೇ ಅದರ ಮೂಲಧನ. ಅಪ್ಪನ ಆಸ್ತಿ ಮಗಳಿಗೆ ಬಂದರೆ ಏನೇನು ಅನಾಹುತ ಆಗಬಹುದು ಎಂದು ನಮ್ಮ ಹಿರಿಯರು ಹೆದರುತ್ತಿದ್ದುದು ಸುಮ್ಮನೆ ಅಲ್ಲ.

ಹಿಂಜರಿತ ಇಲ್ಲದ ಕಾಲದಲ್ಲೂ ಈ ಕಡೆಗೆ ಹಣ ಹರಿದದ್ದು ಅಷ್ಟಕ್ಕಷ್ಟೇ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಇದರದೇ ಲೆಕ್ಕ ಇಟ್ಟಿದ್ದಾರೆ. ಆ ದಾನಶೂರ ದೇಶದಲ್ಲಿ ನೂರು ಡಾಲರ್ ದಾನ ಕೊಟ್ಟರೆ ಹೆಣ್ಣುಮಕ್ಕಳಿಗಾಗಿಯೇ ಇರುವ ಸಂಸ್ಥೆಗಳಿಗೆ ಹೋಗುವುದು ಎರಡು ಡಾಲರಿಗೂ ಕಡಿಮೆ. ಹಾಗಿದ್ದ ಮೇಲೆ ಮಂದಿ ಕೈ ಬಿಗಿ ಮಾಡಿದಾಗ ಕೇಳುವ ವಿದ್ಯೆ ಬೇಡವೇ? ಆ ವಿದ್ಯೆಗೆ ‘ಮೇಜರ್ ಗಿಫ್ಟ್’, ಅಂದರೆ ದೊಡ್ಡ ದೇಣಿಗೆ, ಎಂದು ಹೆಸರು. ಹೇಳಿಕೊಡುವವರು ಬೆಂಗಳೂರಿನಲ್ಲೂ ಇದ್ದಾರೆ.

ಅಂಥದೊಂದು ಕಮ್ಮಟದ ಕೊನೆಯ ಸಾಲಿನಲ್ಲಿ ನಾನೂ ಕೂತಿದ್ದೆ. ನಡೆದದ್ದು ಪಂಚತಾರಾ ಹೋಟೆಲಿನಲ್ಲಿ, ಯಾಕೆಂದರೆ ದಾನಿಗಳು ಉಸಿರಾಡುವ ಗಾಳಿ ಕಲಿಯುವವರಿಗೂ ಅಭ್ಯಾಸವಾಗಬೇಕಂತೆ. ಬಂದಿದ್ದವರೆಲ್ಲ ಬಿಎಂಟಿಸಿ ಬಸ್ಸಿನಲ್ಲಿ ಬಂದು, ಗೇಟಿನ ಸೆಕ್ಯುರಿಟಿಯವನಿಗೆ ಬಟ್ಟೆಚೀಲ ಬಿಚ್ಚಿ ತೋರಿಸಿ ಒಳಗೆ ಬಂದ ಹೆಂಗಸರು. ಕಲಿಸುತ್ತಿದ್ದ ಕನ್ಸಲ್ಟೆಂಟ್‌ಗೆ ಮೂವತ್ತು ಮೂವತ್ತೈದರ ಪ್ರಾಯ. ತುಂಬ ಒಳ್ಳೆಯ ಹುಡುಗ. ‘ಹಿಂಜರಿತ’ ಎಂಬ ಮಾತನ್ನು ದಾನಿಗಳೆದುರು ಎತ್ತಲೇಬೇಡಿ, ಅವರಿಗೆ ನೋವಾಗುತ್ತದೆ ಎಂದ. ‘ಹಕ್ಕು’ ಬೇಡ, ‘ಕೌಶಲ’ ಅನ್ನಿ. ‘ಸಂಘಟನೆ’ ಅಂತೂ ಬೇಡವೇ ಬೇಡ, ಅದು ಕೇಳಿದರೆ ಅವರಿಗೆ ತಮ್ಮದೇ ಫ್ಯಾಕ್ಟರಿ ನೆನಪಾಗುತ್ತದೆ. ‘ಸಬಲೀಕರಣ’ ಎಷ್ಟು ಸಲ ಬೇಕಾದರೂ ಹೇಳಬಹುದು, ಅದರಿಂದ ಇದುವರೆಗೆ ಯಾರಿಗೂ ತೊಂದರೆ ಆದ ದಾಖಲೆ ಇಲ್ಲ. ಮೊದಲ ಭೇಟಿಯಲ್ಲಿ ಹಣದ ಮಾತೆತ್ತಬಾರದು, ಎರಡನೆಯದರಲ್ಲೂ ಅಷ್ಟೇ. ದಾನಿಯನ್ನು ಮೊದಲು ಸಂತೈಸಬೇಕು.

ಆಮೇಲೆ ಅಭಿನಯ. ಒಬ್ಬರು ಷೇರು ಕುಸಿದು ನೊಂದ ದಾನಿ, ಇನ್ನೊಬ್ಬರು ಅವರನ್ನು ಸಂತೈಸಿ ಒಂದು ಕೋಟಿ ತರಬೇಕಾದವರು. ದಾನಿಯ ಪಾತ್ರ ಬಿದ್ದದ್ದು ಮನೆಗೆಲಸದವರ ಸಂಘ ನಡೆಸುವ ಒಬ್ಬಾಕೆಗೆ. ಆಕೆ ಕುರ್ಚಿಗೆ ಒರಗಿ, ಮೊಬೈಲಿನಿಂದ ಕಣ್ಣು ತೆಗೆಯದೆ, “ಈಗ ನಮಗೂ ತುಂಬ ಟೈಟ್ ಇದೆ ಕಣಮ್ಮ. ಇಲ್ಲ ಅಂತ ಹೇಳ್ತಿಲ್ಲ. ಹಬ್ಬ ಕಳೀಲಿ, ನೋಡೋಣ” ಅಂದರು. ಕನ್ಸಲ್ಟೆಂಟ್ ದಂಗಾದ. ಎಷ್ಟು ಸಹಜ ಅಭಿನಯ, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದ. “ಇಪ್ಪತ್ತು ವರ್ಷದಿಂದ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳ್ತಿದೀನಲ್ಲ ಸಾರ್” ಎಂದು ಆಕೆ ಕುರ್ಚಿ ಬಿಟ್ಟೆದ್ದರು. ಊಟಕ್ಕೆ ಬಿಡುವು ಕೊಟ್ಟರು.

ಇಷ್ಟೆಲ್ಲ ನಾಜೂಕು ಬೇಕಾಗಿಯೇ ಇಲ್ಲವೆಂದು ತೋರಿಸಿದ ಪ್ರಸಂಗವೊಂದು ಅಮೆರಿಕದಲ್ಲೇ ಇದೆ. ಯಾಕೋ ಕಮ್ಮಟದಲ್ಲಿ ಅದರ ಪ್ರಸ್ತಾಪ ಬರಲಿಲ್ಲ. ಟೆಕ್ಸಾಸಿನ ತೈಲ ಕುಬೇರ ಎಚ್.ಎಲ್. ಹಂಟ್‌ಗೆ ಹೆಲೆನ್, ಸ್ವಾನಿ ಎಂಬ ಹೆಣ್ಣುಮಕ್ಕಳು. ಅಪ್ಪ ಕಡು ಸಂಪ್ರದಾಯವಾದಿ, ಮಕ್ಕಳು ಸ್ತ್ರೀವಾದಿಗಳು. (ಹಣಕ್ಕೆ ತಾನು ಯಾರ ಮನೆಯಿಂದ ಹೊರಟೆ ಎಂಬ ನೆನಪಿರುವುದಿಲ್ಲ, ಪುಣ್ಯಕ್ಕೆ.) ಈ ಅಕ್ಕತಂಗಿಯರು 2007ರಲ್ಲಿ ಮಹಿಳಾ ನಿಧಿಗಳ ಒಕ್ಕೂಟದ ಜೊತೆ ಸೇರಿ ‘ವಿಮೆನ್ ಮೂವಿಂಗ್ ಮಿಲಿಯನ್ಸ್’ ಎಂಬ ಅಭಿಯಾನ ಹೂಡಿದರು. ಒಬ್ಬೊಬ್ಬರೂ ಕನಿಷ್ಠ ಹತ್ತು ಲಕ್ಷ ಡಾಲರ್ ಕೊಡಬೇಕು, 2009ರ ಹೊತ್ತಿಗೆ 15 ಕೋಟಿ ಡಾಲರ್ ಕೂಡಿಸಬೇಕು. ನಡುವೆ 2008ರ ಸೆಪ್ಟೆಂಬರ್ 15ರಂದು ಅಮೆರಿಕದ ದೊಡ್ಡ ಬ್ಯಾಂಕು ಲೆಹ್ಮನ್ ಬ್ರದರ್ಸ್ ದಿವಾಳಿ ಎದ್ದಿತು. ಲೋಕವೇ ತಲೆ ಮೇಲೆ ಕೈಹೊತ್ತು ಕೂತಿತು. ಅಭಿಯಾನ ಮುಗಿದಾಗ ಕೂಡಿದ್ದು 18 ಕೋಟಿ ಡಾಲರಿಗೂ ಮಿಕ್ಕಿ.

ಅವರ ಉಪಾಯದಲ್ಲಿ ಗುಟ್ಟೇನೂ ಇರಲಿಲ್ಲ. ಕೇಳುವವಳು ಮೊದಲು ತನ್ನದನ್ನು ಹಾಕಿದಳು. ಆಮೇಲೆ ತನ್ನಷ್ಟೇ ಉಳ್ಳ ಗೆಳತಿಯ ಎದುರು ಕೂತು, ನಾನಿಷ್ಟು ಕೊಟ್ಟೆ, ನೀನೆಷ್ಟು ಕೊಡುತ್ತೀಯ ಎಂದು ಕೇಳಿದಳು. ಕೊಟ್ಟವರು ಹೆಸರು ಹೇಳಿಕೊಂಡೇ ಕೊಟ್ಟರು. ಸರೀಕರ ಎದುರು ಇಲ್ಲ ಅನ್ನುವುದು ಬಡವರ ಎದುರು ಇಲ್ಲ ಅನ್ನುವಷ್ಟು ಸುಲಭವಲ್ಲ. ಹೆಲೆನ್‌ಗೆ ಇತಿಹಾಸವೂ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರು, ನಮ್ಮ ಹಣವಂತ ಅಕ್ಕಂದಿರು ಚರ್ಚಿಗೂ ಗಂಡುಹುಡುಗರ ಕಾಲೇಜಿಗೂ ಕೊಡುತ್ತಾರೆ, ನಮಗೆ ಮಾತ್ರ ಇಲ್ಲ ಎಂದು ಹಲುಬುತ್ತಿದ್ದರು. ಕೊನೆಗೊಬ್ಬಳು ಕೊಟ್ಟಳು. ಪತ್ರಿಕೆಗಳ ಒಡತಿ ಮಿರಿಯಂ ಲೆಸ್ಲಿ 1914ರಲ್ಲಿ ಸಾಯುವಾಗ ಇಪ್ಪತ್ತು ಲಕ್ಷ ಡಾಲರಿನ ಹತ್ತಿರ ಬೆಲೆಬಾಳುವ ಆಸ್ತಿಯನ್ನು ಹೋರಾಟದ ನಾಯಕಿ ಕ್ಯಾರಿ ಚಾಪ್‌ಮನ್ ಕ್ಯಾಟ್ ಹೆಸರಿಗೆ ಬರೆದಿಟ್ಟಿದ್ದಳು. ನೆಂಟರು ಕೋರ್ಟಿಗೆ ಓಡಿದರು. ವ್ಯಾಜ್ಯವೆಲ್ಲ ತೀರಿ ಚಳವಳಿಯ ಕೈಗೆ ಬಂದದ್ದು ಹೆಚ್ಚುಕಡಿಮೆ ಅರ್ಧ.

ನಮ್ಮಲ್ಲಿ ನೆಂಟರಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಸರ್ಕಾರವೇ ನೋಡಿಕೊಳ್ಳುತ್ತದೆ.

2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ನೂರಕ್ಕೆ ಎರಡನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜಸೇವೆಯ ಬಾಬ್ತಿಗೆ, ಎತ್ತಿಡಬೇಕು. ಮೂರು ವರ್ಷದ ಸರಾಸರಿ ಎಂಬುದನ್ನು ಗಮನಿಸಿ. ಈ ವರ್ಷ ಮಾರುಕಟ್ಟೆ ಮಲಗಿದರೂ ಹೋದ ವರ್ಷ, ಅದರ ಹಿಂದಿನ ವರ್ಷ, ಅದರಾಚೆಯ ವರ್ಷ ಗಳಿಸಿದ್ದರ ಮೇಲೆಯೇ ಕೊಡಬೇಕು. ಅಂದರೆ ಕಾನೂನಿನ ಲೆಕ್ಕದಲ್ಲಿ ಹಿಂಜರಿತದ ಬಿಸಿ ದಾನಕ್ಕೆ ತಟ್ಟುವುದು ತಡವಾಗಿ. ಕಂಪನಿಯ ಹಣಕಾಸು ಮುಖ್ಯಸ್ಥರ ನಿಟ್ಟುಸಿರಿಗೆ ಮಾತ್ರ ಸರಾಸರಿ ಇಲ್ಲ, ಅದು ಅವತ್ತಿನದು ಅವತ್ತೇ ಬರುತ್ತದೆ.

2020ರ ಮಾರ್ಚಿನಲ್ಲಂತೂ ಆ ನಿಟ್ಟುಸಿರನ್ನೂ ಬಿಡಬೇಕಾಗಲಿಲ್ಲ. ಲಾಕ್‌ಡೌನ್ ಬಂದ ವಾರದಲ್ಲೇ ಪಿಎಂ ಕೇರ್ಸ್ ನಿಧಿ ಹುಟ್ಟಿತು. ಅದಕ್ಕೆ ಕೊಟ್ಟರೆ ಸಿಎಸ್‌ಆರ್ ಲೆಕ್ಕಕ್ಕೆ ಸೇರುತ್ತದೆ ಎಂಬ ಸ್ಪಷ್ಟನೆಯೂ ಬೆನ್ನಿಗೇ ಬಂತು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟರೆ ಸೇರುವುದಿಲ್ಲ. ಒಂದೇ ಚೆಕ್, ಒಂದೇ ಸಹಿ. ವರದಿ ಇಲ್ಲ, ಫೀಲ್ಡ್ ವಿಸಿಟ್ ಇಲ್ಲ, ಬಿಸಿಲಲ್ಲಿ ನಿಂತು ಹಾರ ಹಾಕಿಸಿಕೊಳ್ಳುವ ಗೋಳಿಲ್ಲ. ಮಹಿಳಾ ಸಂಘದವರು ಹೋಗಿ ಕೇಳಿದಾಗ, “ಈ ಸಲದ ಬಜೆಟ್ ಮುಗಿದುಹೋಯ್ತಲ್ಲ ಮೇಡಂ, ಒಂದು ವಾರ ಮುಂಚೆ ಬರಬಾರದಿತ್ತೇ” ಎಂದು ಕೇಳಿದವರೂ ಇದ್ದರು.

ಸರಿ, ಊರಲ್ಲಿ ಇಲ್ಲದಿದ್ದರೆ ಹೊರದೇಶದಿಂದ ತರೋಣ ಎಂದರೆ ಅದಕ್ಕೂ ಅದೇ ವರ್ಷವೇ ಮುಹೂರ್ತ ಬಂತು. ದೇಶದ ಜಿಡಿಪಿ ಒಂದೇ ತ್ರೈಮಾಸಿಕದಲ್ಲಿ ಕಾಲುಭಾಗದಷ್ಟು ಕುಗ್ಗಿ ಕೂತಿದ್ದಾಗ, ಸೆಪ್ಟೆಂಬರಿನಲ್ಲಿ, ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ತಂದರು. ವಿದೇಶದಿಂದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ. ಮಹಿಳಾ ನಿಧಿಯ ಕಸುಬೇ ಕೊಡುವುದು! ಹಳ್ಳಿಯ ಸಂಘಕ್ಕೆ ದೆಹಲಿಯ ಅನುಮತಿ ತರುವ ತಾಕತ್ತಿಲ್ಲವೆಂದೇ ನಡುವೆ ಒಂದು ನಿಧಿ ಇರುವುದು. ಈಗ ನಿಧಿ ಪಡೆಯಬಹುದು, ಪಡೆದು ಎದುರಿಗಿಟ್ಟುಕೊಂಡು ಕೂರಬಹುದು. ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಖಾತೆಯೋ, ನೀವು ಬೀದರಿನಲ್ಲಿರಿ ಚಾಮರಾಜನಗರದಲ್ಲಿರಿ, ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯಲ್ಲೇ ತೆರೆಯಬೇಕು. ಪಿಎಂ ಕೇರ್ಸ್‌ಗೆ ಈ ಕಾಯ್ದೆಯಿಂದಲೇ ವಿನಾಯಿತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ಈ ತಿದ್ದುಪಡಿಯ ಕರಡು ಓದಿರಬೇಕು.

ಇನ್ನು ಒಬ್ಬೊಬ್ಬರಾಗಿ ಕೊಡುವ ದಾನಿಗಳ ಕಥೆ. ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಇದ್ದಷ್ಟು ದಿನ ಮನಸ್ಸು ಮೃದುವಾಗಿತ್ತು, ಮಾರ್ಚ್ ಕೊನೆಯ ವಾರದಲ್ಲಂತೂ ಬೆಣ್ಣೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ದೊರೆಗಳು ಹೊಸ ಪದ್ಧತಿಗೆ ಹೋದರು, ಕರುಣೆ ಹಳೆಯದರಲ್ಲೇ ಉಳಿದುಬಿಟ್ಟಿತು.

ಆದರೂ ಕೆಲವರು ಕೊಡುತ್ತಾರೆ. ಕೊಟ್ಟಾಗ ಏನು ಕೊಡುತ್ತಾರೆ? ಹೊಲಿಗೆ ಯಂತ್ರ. ಭಾರತದ ಹೆಣ್ಣಿಗೆ ಏನೇ ಕಷ್ಟ ಬರಲಿ, ಗಂಡ ಹೊಡೆಯಲಿ, ಬರ ಬರಲಿ, ಫ್ಯಾಕ್ಟರಿ ಮುಚ್ಚಲಿ, ಮದ್ದು ಒಂದೇ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ ಕಾರ್ಖಾನೆಯೊಂದು ಕೆಲಸ ನಿಲ್ಲಿಸಿದಾಗ ಸಾವಿರಕ್ಕೂ ಹೆಚ್ಚು ಮಂದಿ, ಬಹುಪಾಲು ಹೆಂಗಸರು, ಅಲ್ಲೇ ಧರಣಿ ಕೂತರು. ದೇಶವಿದೇಶದ ದೊಡ್ಡ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿದ ಕೈಗಳು ಈ ಜಿಲ್ಲೆಯ ತುಂಬ ಇವೆ. ಇದಾಗಿ ಕೆಲ ಕಾಲಕ್ಕೆ ಮಂಡ್ಯ ಕಡೆಯ ಒಂದು ಸಂಘಕ್ಕೆ ದೊಡ್ಡ ಪ್ರತಿಷ್ಠಾನವೊಂದು ಕೃಪೆ ತೋರಿತು. ಯೋಜನೆಯ ಹೆಸರು ನೀವೇ ಊಹಿಸಿರುತ್ತೀರಿ: ಮಹಿಳೆಯರಿಗೆ ಮೂರು ತಿಂಗಳ ಹೊಲಿಗೆ ತರಬೇತಿ. ಕಲಿಯಲು ಕೂತವರಲ್ಲಿ ಅರ್ಧದಷ್ಟು ಮಂದಿ ಗಂಟೆಗಿಷ್ಟು ಕಾಲರ್ ಎಂದು ಟಾರ್ಗೆಟ್ ಮುಟ್ಟಿಸಿ, ಸೂಪರ್‌ವೈಸರ್ ಬೈಗುಳದಲ್ಲಿ ಪಳಗಿದವರು. ಕಲಿಸಲು ಬಂದ ಹುಡುಗಿ ಹೊಲಿಗೆ ಡಿಪ್ಲೊಮಾ ಮುಗಿಸಿ ವರ್ಷವಾಗಿರಲಿಲ್ಲ. ಎರಡನೇ ದಿನಕ್ಕೆ ಅವಳೇ ಇವರ ಹತ್ತಿರ ಕೂತು ಪಾಕೆಟ್ ಕೂಡಿಸುವುದನ್ನು ಕಲಿಯುತ್ತಿದ್ದಳು.

ತರಬೇತಿಗೆ ಮೊದಲು ಒಂದು ಸಮೀಕ್ಷೆ ಇತ್ತು. ‘ನಿಮಗೆ ಯಂತ್ರದಲ್ಲಿ ಹೊಲಿಯಲು ಬರುತ್ತದೆಯೇ?’ ಎಂಬುದು ಮೊದಲ ಪ್ರಶ್ನೆ. ಎಲ್ಲರೂ ಹೌದು ಎಂದು ಗುರುತು ಹಾಕತೊಡಗಿದಾಗ ಫೀಲ್ಡ್ ಆಫೀಸರ್ ಬೆವೆತುಹೋದ. “ಅಕ್ಕಾ, ದಯವಿಟ್ಟು ಇಲ್ಲ ಅಂತ ಹಾಕಿ. ಈಗಲೇ ಬರುತ್ತೆ ಅಂದ್ರೆ ಕೊನೇಲಿ ಇಂಪ್ಯಾಕ್ಟ್ ಎಲ್ಲಿ ತೋರಿಸಲಿ?” ಪಾಪದ ಹುಡುಗ, ಅವನ ಕೆಲಸವೂ ಮಾರ್ಚ್‌ವರೆಗೆ ಮಾತ್ರ ಗ್ಯಾರಂಟಿ ಇದ್ದದ್ದು. ಹೆಂಗಸರು ಅವನ ಮುಖ ನೋಡಿ ಹೌದು ಹೊಡೆದು ಇಲ್ಲ ಮಾಡಿದರು. ಬಂದ ಯಂತ್ರಗಳ ಮೇಲೆ ಪ್ರತಿಷ್ಠಾನದ ಹೆಸರು, ಸಂಸ್ಥಾಪಕರ ತಂದೆಯವರ ಹೆಸರು, ತಾಯಿಯವರ ಹೆಸರು; ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ತುಂಬಿ ಬೆಳಕು ಬರಲು ಸಂದಿ ಹುಡುಕುತ್ತದಲ್ಲ, ಆ ಥರ. ಅವುಗಳಲ್ಲಿ ಹೊಲಿದದ್ದನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಸಮೀಕ್ಷೆಯಲ್ಲಿ ಕಾಲಂ ಇರಲಿಲ್ಲ.

ಇದೇ ಸಂಘ ಒಂದು ಅರ್ಜಿ ಹಾಕಿತ್ತು, ಬಾಕಿ ಸಂಬಳಕ್ಕೆ ಕೇಸು ನಡೆಸಲು ವಕೀಲರ ಫೀಸು ಬೇಕೆಂದು. ಅದು ‘ನಮ್ಮ ಆದ್ಯತಾ ಕ್ಷೇತ್ರದಲ್ಲಿ ಬರುವುದಿಲ್ಲ’ ಎಂದು ಹಿಂದೆ ಬಂತು. ಜೊತೆಗೊಂದು ಸಲಹೆಯೂ ಇತ್ತು: ಮುಂದಿನ ಹಂತದ ನೆರವು ಬೇಕಿದ್ದರೆ ನೂರಕ್ಕೆ ಹತ್ತರಷ್ಟು ಸಮುದಾಯದ ವಂತಿಗೆ ತೋರಿಸಿ. ಹಿಂಜರಿತವಲ್ಲವೇ, ಎಲ್ಲರೂ ಸ್ವಲ್ಪ ಸ್ವಲ್ಪ ಹೊರಬೇಕು.

ವಂತಿಗೆಯ ಶಕ್ತಿ ಪರೀಕ್ಷಿಸಲು ಪ್ರತಿಷ್ಠಾನದ ದೊಡ್ಡ ಅಧಿಕಾರಿಯೇ ಬೆಂಗಳೂರಿನಿಂದ ಬಂದರು. ಹನ್ನೊಂದಕ್ಕೆ ಎಂದವರು ಬಂದಾಗ ಒಂದೂವರೆ. ಹೆಂಗಸರು ಕೂಲಿ ಬಿಟ್ಟು ಕಾದಿದ್ದರು. ಸಂಘದ ಕಾರ್ಯದರ್ಶಿ ನಮಸ್ಕಾರ ಮಾಡಿ, ನೀರು ಕೊಟ್ಟು, ನಿರ್ಣಯ ಪುಸ್ತಕ ತೆರೆದರು. “ತಪ್ಪು ತಿಳ್ಕೋಬೇಡಿ ಸಾರ್. ಸಭೆಗೆ ತಡವಾಗಿ ಬಂದವ್ರು ಹತ್ರುಪಾಯಿ ದಂಡ ಕಟ್ಬೇಕು. ಸಂಘ ಶುರುವಾದಾಗಿನಿಂದ ನಡ್ಕೊಂಡು ಬಂದಿರೋ ನಿಯಮ, ಯಾರಿಗೂ ಬಿಟ್ಟಿಲ್ಲ.”

ಅಧಿಕಾರಿ ನಕ್ಕು ಫೋನ್ ತೆಗೆದರು. ಸ್ಕ್ಯಾನ್ ಮಾಡಲು ಸಂಘದ ಬಳಿ ಕ್ಯೂಆರ್ ಇರಲಿಲ್ಲ. ಜೇಬಿನಲ್ಲಿ ನೋಟಿರಲಿಲ್ಲ. ಡ್ರೈವರನ್ನು ಕರೆದು ಹತ್ತು ರೂಪಾಯಿ ಕೈಗಡ ಪಡೆದು ಕಟ್ಟಿದರು. ಕಾರ್ಯದರ್ಶಿ ಅದನ್ನು ತಾರೀಕು ಹಾಕಿ ಬರೆದುಕೊಂಡರು. ಪ್ರೊಪೋಸಲ್ ಇಲ್ಲದೆ, ಸಮೀಕ್ಷೆ ಇಲ್ಲದೆ, ಇಂಥದಕ್ಕೇ ಖರ್ಚು ಮಾಡಿ ಎಂಬ ಷರತ್ತಿಲ್ಲದೆ ಆ ಪ್ರತಿಷ್ಠಾನದಿಂದ ಸಂಘಕ್ಕೆ ಬಂದ ಹಣ ಅದೊಂದೇ. ಕಾರು ಹತ್ತುವ ಮುಂಚೆ ಅಧಿಕಾರಿ ಅದಕ್ಕೂ ರಸೀದಿ ಕೇಳಿ ಪಡೆದರು. ಡ್ರೈವರಿಗೆ ಹತ್ತು ರೂಪಾಯಿ ವಾಪಸು ಬಂತೋ ಇಲ್ಲವೋ, ಪುಸ್ತಕದಲ್ಲಿಲ್ಲ.