ಘಟ್ಟದ ಹಳ್ಳಿಗಳು ‘ಸೂಕ್ಷ್ಮ ಪ್ರದೇಶ’ ಆಗಬೇಕಾ?

ಪರ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತಕ್ಕೆ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಹಳ್ಳಿಗಳನ್ನು ‘ಪರಿಸರ ಸೂಕ್ಷ್ಮ ಪ್ರದೇಶ’ ಎಂದು ಗುರುತಿಸಿ ಕೆಲವು ಕೆಲಸಗಳನ್ನು ತಡೆಯುವ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. ಮೊದಲ ಕರಡು ಬಂದದ್ದು 2014ರಲ್ಲಿ. ನಡುವಿನ ಹತ್ತು ವರ್ಷದಲ್ಲೇ ಕೊಡಗು ಕುಸಿಯಿತು: 2018ರಲ್ಲಿ ಮಡಿಕೇರಿ ಸುತ್ತಮುತ್ತ, 2019ರಲ್ಲಿ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಷ್ಟಾದರೂ 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ಬೇಡವೆಂದಿತು. ಕರ್ನಾಟಕದ ಪಾಲಿನ 20,668 ಚದರ ಕಿಲೋಮೀಟರ್ ಮತ್ತೆ ಅತಂತ್ರ.

ಮಳೆ ಮೊದಲಿನ ಹಾಗಿಲ್ಲ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ವಾರಗಟ್ಟಲೆ ಹಿಡಿದು ಬೀಳಬೇಕಾದ ಮಳೆ ಕೆಲವೇ ದಿನದಲ್ಲಿ ಸುರಿದುಬಿಡುತ್ತದೆ. ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗ ಗುಡ್ಡವನ್ನು ಹಿಡಿದಿಡುವುದು ಮರದ ಬೇರು ಮತ್ತು ಗುಡ್ಡದ ಬುಡ. ನಾವು ಕೈ ಹಾಕಿರುವುದು ಆ ಬುಡಕ್ಕೇ. ಹೋಂಸ್ಟೇಗೆ ಅಂತ ಜೆಸಿಬಿ ತರಿಸಿ ಧರೆಯನ್ನು, ಅಂದರೆ ಗುಡ್ಡದ ಅಂಚನ್ನು, ಎರಡಾಳು ಎತ್ತರ ನೆಟ್ಟಗೆ ಕಡಿಯುತ್ತಾರೆ. ತೆಗೆದ ಮಣ್ಣನ್ನು ಕೆಳಗಿನ ಹಳ್ಳಕ್ಕೆ ತಳ್ಳುತ್ತಾರೆ. ಮಳೆ ಜೋರಾದಾಗ ಧರೆಯ ಬುಡದಲ್ಲಿ ಜಲ ಏಳುತ್ತದೆ. ಮೊದಲು ತಿಳಿನೀರು, ಆಮೇಲೆ ಕೆಂಪು ಕೆಸರು. ಕೆಸರು ಬಂತೆಂದರೆ ಮನೆ ಬಿಟ್ಟು ಓಡಬೇಕು.

ಕರಡಿನಲ್ಲಿ ಇರುವುದೇನು? ಗಣಿ, ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯದ) ಹೊಸ ಕಾರ್ಖಾನೆ ಬೇಡ. 20,000 ಚದರ ಮೀಟರ್ ದಾಟುವ ಹೊಸ ಕಟ್ಟಡ ಬೇಡ. ತೋಟ ಮಾಡಬಾರದು, ಜಮೀನು ಮಾರಬಾರದು, ಮನೆ ರಿಪೇರಿ ಮಾಡಬಾರದು ಅಂತ ಎಲ್ಲೂ ಇಲ್ಲ. ಹಾಗಿದ್ದರೂ ಊರೂರಲ್ಲಿ ಸುತ್ತುತ್ತಿರುವುದು ಈ ಸುಳ್ಳೇ.

ವಿರೋಧ

ಕರಡು ಓದಿ ಅನ್ನುತ್ತಾರೆ. ಓದುವ ಮೊದಲು, ಗೆರೆ ಎಳೆದದ್ದು ಹೇಗೆ ಅಂತ ನೋಡಿ. ಘಟ್ಟದ ಅಧ್ಯಯನಕ್ಕೆ ಕೇಂದ್ರ ನೇಮಿಸಿದ್ದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ಗ್ರಾಮಸಭೆಗಳನ್ನು ಕೇಳಿಯೇ ತೀರ್ಮಾನಿಸಿ ಅಂದಿತ್ತು. 2013ರ ಕಸ್ತೂರಿರಂಗನ್ ಸಮಿತಿ ಉಪಗ್ರಹದ ಚಿತ್ರ ಹಿಡಿದು ಗುರುತಿಸಿತು. ಊರಿನ ಶೇ 20ರಷ್ಟು ಜಾಗ ಸೂಕ್ಷ್ಮವಾಗಿದ್ದರೆ ಇಡೀ ಊರೇ ಒಳಗೆ. ನೆರಳು ಮರದ ಕೆಳಗಿನ ಕಾಫಿ, ಏಲಕ್ಕಿ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಮರ ಉಳಿಸಿಕೊಂಡು ಬೆಳೆದವನಿಗೆ ಇದು ಶಿಕ್ಷೆ ಅಲ್ವಾ? ಬೋಳು ಮಾಡಿದವನು ಗೆರೆಯ ಆಚೆ ಆರಾಮಾಗಿರುತ್ತಾನೆ.

ಜನರ ಭಯ ಸುಮ್ನೆ ಹುಟ್ಟಿದ್ದಲ್ಲ. ಶರಾವತಿ ನದಿಗೆ ಲಿಂಗನಮಕ್ಕಿ ಅಣೆಕಟ್ಟು ಆಗಿ 60 ವರ್ಷ ಕಳೆಯಿತು. ಊರು ಮುಳುಗಿ ಎದ್ದುಬಂದ ಎಷ್ಟೋ ಕುಟುಂಬಗಳಿಗೆ ಇನ್ನೂ ಹಕ್ಕುಪತ್ರವಿಲ್ಲ. ಅದೇ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ನೀರನ್ನು ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರಲು ಸರ್ಕಾರಕ್ಕೆ ಭಾರಿ ಆತುರ. ಕರಡಿನಲ್ಲೂ ಜಲವಿದ್ಯುತ್‌ಗೆ ಷರತ್ತಿನ ಮೇಲೆ ದಾರಿ ಉಂಟು. 2024ರ ಜುಲೈಯಲ್ಲಿ ಉತ್ತರ ಕನ್ನಡದ ಶಿರೂರಿನ ಹೆದ್ದಾರಿ ಮೇಲೆ ಗುಡ್ಡ ಬಿತ್ತಲ್ಲ, ಅಲ್ಲಿ ಬುಡ ಕಡಿದದ್ದು ರಸ್ತೆ ಅಗಲ ಮಾಡಲು. ರೈತನ ಗುದ್ದಲಿಗೂ ಅದಕ್ಕೂ ಸಂಬಂಧವಿಲ್ಲ.

ಘಟ್ಟ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮೊದಲು ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಕೋರಿದ ಬಗರ್‌ಹುಕುಂ ಅರ್ಜಿಗಳನ್ನು ಇತ್ಯರ್ಥ ಮಾಡಿ. ಧರೆ ಎಷ್ಟು ಕಡಿಯಬಹುದು ಅನ್ನುವುದಕ್ಕೆ ಪಂಚಾಯಿತಿಯಲ್ಲೇ ಮಿತಿ ಹಾಕಿ, ಇಳಿಜಾರು ನೋಡಿ ಪರವಾನಗಿ ಕೊಡಿ. ಊರವರನ್ನು ಕೂರಿಸಿಕೊಂಡು ಸರ್ವೆ ನಂಬರ್ ಹಿಡಿದು ಗಡಿ ಗುರುತಿಸಿ. ಆಗ ಕ್ವಾರಿ ಬೇಡ ಅಂತ ಮೊದಲು ಸಹಿ ಹಾಕುವವರು ಆ ಊರಿನವರೇ.