ಬಟ್ಟೆ ಹೇಳುವ ಚಾಡಿ

ಫ್ಯಾಮಿಲಿ ಆಲ್ಬಮ್ಮಿನಷ್ಟು ಸಭ್ಯವಾಗಿ ಸುಳ್ಳು ಹೇಳುವ ವಸ್ತು ಇನ್ನೊಂದಿಲ್ಲ. ಅಲ್ಲಿ ಯಾರೂ ಕೂಗಾಡುವುದಿಲ್ಲ, ಸಾಲ ಕೇಳುವುದಿಲ್ಲ. ಎಲ್ಲರೂ ಇಸ್ತ್ರಿ ಬಟ್ಟೆ ತೊಟ್ಟು ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಅದೇ ಜನರ ಹಳೆಯ ಬಟ್ಟೆಗಳನ್ನು ಕೇಳಿ ನೋಡಿ. ಮೊಣಕೈ ಸವೆದ ಅಂಗಿ, ಬಿಚ್ಚಿ ಬಿಚ್ಚಿ ಅಗಲ ಮಾಡಿದ ಸೊಂಟ, ಬೇರೆ ಬಣ್ಣದ ದಾರದಲ್ಲಿ ಕೂತ ಗುಂಡಿ ಎಲ್ಲವೂ ಚಾಡಿ ಹೇಳಲು ಕಾದೇ ಇರುತ್ತವೆ. ಇವೆರಡನ್ನೂ ಒಂದೇ ಚೌಕಟ್ಟಿನೊಳಗೆ ಕೂರಿಸಿ ಜಗಳ ಹಚ್ಚುವ ಕಲಾವಿದರೆಂದರೆ ನನಗೆ ಅದಕ್ಕೇ ಇಷ್ಟ.

ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನ ಕೂಸುಗಳ ಫೋಟೊಗಳಲ್ಲಿ ಒಂದು ವಿಚಿತ್ರವುಂಟು. ಆಗಿನ ಕ್ಯಾಮೆರಾಕ್ಕೆ ಸೆಕೆಂಡುಗಟ್ಟಲೆ ಹೊತ್ತು ಬೇಕು; ಕೂಸು ಅಲ್ಲಾಡಿದರೆ ಮುಖವೇ ಕಲಸಿಹೋಗುತ್ತದೆ. ತಾಯಿ ಹಿಡಿದುಕೊಂಡಿರಬೇಕು, ಆದರೆ ಚಿತ್ರದಲ್ಲಿ ಕಾಣಬಾರದು. ಅವಳ ತಲೆಯ ಮೇಲಿಂದ ಒಂದು ಬಟ್ಟೆ ಎಳೆದರಾಯಿತು! ಕೂಸು ಕುರ್ಚಿಯ ಮೇಲೆ ಕೂತಂತಿರುತ್ತದೆ, ಕುರ್ಚಿಗೆ ಮಾತ್ರ ಕೈಗಳಿರುತ್ತವೆ. ಆ ತಾಯಿಯ ಬಗ್ಗೆ ಉಳಿದ ಸಾಕ್ಷಿ ಬಟ್ಟೆಯ ನೆರಿಗೆಗಳಷ್ಟೇ. ನಮ್ಮ ನಮ್ಮ ವಂಶವೃಕ್ಷಗಳಲ್ಲಿ ಹೀಗೆ ಕುರ್ಚಿಯಾದವರು ಎಷ್ಟು ಮಂದಿಯೋ.

ಕಲಾವಿದೆ ಲೂಯಿಸ್ ಬೂರ್ಜ್ವಾಗೆ ಫೋಟೊದ ಹಂಗೂ ಬೇಕಾಗಲಿಲ್ಲ. ಹಳೆಯ ಚಿತ್ರಗಂಬಳಿಗಳನ್ನು ದುರಸ್ತಿ ಮಾಡುವ ಮನೆಯಲ್ಲಿ ಬೆಳೆದವಳು ಆಕೆ. ತೊಂಬತ್ತು ದಾಟಿದ ಮೇಲೆ, 1938ರ ತನ್ನ ಮದುವೆಯ ಕಾಲದ ನ್ಯಾಪ್ಕಿನ್‌ಗಳನ್ನೇ ಪುಟ ಮಾಡಿಕೊಂಡು, ತೊಟ್ಟು ಬಿಟ್ಟ ಉಡುಪುಗಳ ತುಂಡುಗಳನ್ನು ಅವುಗಳ ಮೇಲೆ ಹೊಲಿದು ಪುಸ್ತಕ ಮಾಡಿದಳು. ಆತ್ಮಕಥೆ ಬರೆಯುವ ಗೋಜೇ ಇಲ್ಲ.

ಮುಖವೂ ಬೇಕು, ಬಟ್ಟೆಯೂ ಬೇಕು ಎನ್ನುವವರಿಗೆ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ, ಬಿಸಿಲಲ್ಲಿ ನೀಲಿ ಚಿತ್ರ ಮೂಡಿಸುವ ಸಯನೋಟೈಪ್ ವಿಧಾನ ಇದೆ. ಕಬ್ಬಿಣದ ಲವಣಗಳ ದ್ರಾವಣ ಹಚ್ಚಿದ ಹತ್ತಿಬಟ್ಟೆಯ ಮೇಲೆ ನೆಗೆಟಿವ್ ಇಟ್ಟು ಬಿಸಿಲಿಗೊಡ್ಡಿ ನೀರಲ್ಲಿ ಜಾಲಿಸಿದರೆ ಅಜ್ಜ ಕಡುನೀಲಿಯಲ್ಲಿ ಎದ್ದುಬರುತ್ತಾನೆ. ಸೋಡಾಪುಡಿ ಹಾಕಿ ಒಗೆಯಬೇಡಿ, ಕ್ಷಾರ ತಾಗಿದರೆ ಅಜ್ಜ ಮಸುಕಾಗುತ್ತಾನೆ.

ಫೋಟೊದ ಮೇಲೆಯೇ ಕಸೂತಿ ಹಾಕುವುದಕ್ಕೆ ಇನ್ನೂ ಹೆಚ್ಚು ಎದೆಗಾರಿಕೆ ಬೇಕು. ತಪ್ಪಿದ ಹೊಲಿಗೆಯನ್ನು ಬಟ್ಟೆಯಲ್ಲಿ ಬಿಚ್ಚಬಹುದು, ಕಾಗದದಲ್ಲಿ ತೂತು ತೂತಾಗಿಯೇ ಉಳಿಯುತ್ತದೆ. ಅದಕ್ಕೇ ಜಾಣರು ಮೂಲವನ್ನು ಎತ್ತಿಟ್ಟು ಪ್ರತಿಯ ಮೇಲೆ, ಮೊದಲೇ ತೂತು ಮಾಡಿಕೊಂಡು, ಹೊಲಿಯುತ್ತಾರೆ. ನನ್ನ ಮೂಗಿಗೂ ಅಜ್ಜಿಯ ಮೂಗಿಗೂ ಒಂದೇ ಕೆಂಪುದಾರ ಎಳೆದರೆ ಸಾಕು, ನಾನು ಯಾರೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆಯೇ. ಉಳಿದರ್ಧಕ್ಕೆ ಹಿಂಬದಿ ತಿರುಗಿಸಬೇಕು. ಅಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿದ ಹೆಸರುಗಳು, ಗಂಟುಗಳು, ಮಾತು ಬಿಟ್ಟ ಚಿಕ್ಕಪ್ಪನಿಂದ ಸೋದರತ್ತೆಗೆ ಅಡ್ಡಾದಿಡ್ಡಿ ಹಾರಿದ ದಾರ. ಇಂಥದ್ದನ್ನು ರಟ್ಟು ಅಂಟಿಸಿ ಗೋಡೆಗೆ ಬಡಿಯುವ ಪ್ರದರ್ಶನಗಳ ಮೇಲೆ ನನಗೆ ಕೋಪವಿದೆ. ನಡುಕೋಣೆಯಲ್ಲಿ ತೂಗುಹಾಕಿ ಸ್ವಾಮಿ, ನೆಂಟರು ಸುತ್ತುಹಾಕಿ ನೋಡಲಿ.