ಪಿರಮಿಡೆನ್ ಒಂದೇ ರಾತ್ರಿಯಲ್ಲಿ ಖಾಲಿಯಾದ ಊರಲ್ಲ

ಉತ್ತರ ಧ್ರುವದ ಸಮೀಪ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಪಿರಮಿಡೆನ್ ಎಂಬ ಪಾಳುಬಿದ್ದ ಗಣಿ ಊರೊಂದಿದೆ. ಅಲ್ಲಿನ ಜನರೆಲ್ಲ ಉಣ್ಣುತ್ತಿದ್ದ ತಟ್ಟೆಯನ್ನೂ ಬಿಟ್ಟು ರಾತ್ರೋರಾತ್ರಿ ಹೊರಟುಹೋದರು ಎಂಬ ಕಥೆ ಅಂತರ್ಜಾಲದಲ್ಲಿ ಬಹಳ ಜನಪ್ರಿಯವಾಗಿದೆ. ಆ ಊರನ್ನು ಕಣ್ಣಾರೆ ಕಂಡು ಬಂದ ಮೇಲೆ ಈ ಕಥೆ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ, ಏಕೆಂದರೆ ಅದು ಅಲ್ಲಿ ದುಡಿದವರ ನಿಜವಾದ ಸಂಕಟವನ್ನು ಮರೆಮಾಚುತ್ತದೆ.

1910ರಲ್ಲಿ ಸ್ವೀಡನ್ನಿನವರು ಶುರುಮಾಡಿದ ಈ ನೆಲೆಯನ್ನು 1927ರಲ್ಲಿ ಸೋವಿಯತ್ ಒಕ್ಕೂಟ ಕೊಂಡುಕೊಂಡಿತು. ದ್ವೀಪಗಳ ಒಡೆತನ ನಾರ್ವೆಯದಾದರೂ, ಸಹಿ ಹಾಕಿದ ಇತರ ದೇಶಗಳವರೂ ಅಲ್ಲಿ ಗಣಿಗಾರಿಕೆ ನಡೆಸಬಹುದೆಂದು 1920ರ ಒಪ್ಪಂದ ಹೇಳುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿ ಅದರಲ್ಲಿ ಭಾರತದ ಹೆಸರೂ ಇತ್ತು. ಸೋವಿಯತ್ ಸರ್ಕಾರದ ಕಲ್ಲಿದ್ದಲು ಸಂಸ್ಥೆಯಾದ ಆರ್ಕ್ಟಿಕುಗೋಲ್ ಇಲ್ಲಿ ಶಾಲೆ, ಆಸ್ಪತ್ರೆ, ಈಜುಕೊಳ, ದನ ಹಂದಿಗಳ ಕೊಟ್ಟಿಗೆಯನ್ನೂ ಕಟ್ಟಿತು. ಊರು ತುಂಬಿದ್ದ ಕಾಲದಲ್ಲಿ ಸುಮಾರು 1,000 ಜನ ಇಲ್ಲಿ ವಾಸವಾಗಿದ್ದರು.

ಒಕ್ಕೂಟ ಒಡೆದ ಮೇಲೆ ಮಾಸ್ಕೋದಿಂದ ಬರುತ್ತಿದ್ದ ಹಣ ಬತ್ತುತ್ತ ಹೋಯಿತು, ಬದುಕಿನ ಅನುಕೂಲಗಳೂ ಒಂದೊಂದಾಗಿ ಕಡಿಮೆಯಾದವು. 1996ರ ಆಗಸ್ಟ್ 29ರಂದು ಮಾಸ್ಕೋದಿಂದ ಹೊರಟ ವಿಮಾನ ಸ್ವಾಲ್ಬಾರ್ಡಿನ ಮುಖ್ಯ ಊರಾದ ಲಾಂಗ್‌ಇಯರ್‌ಬೀನ್ ಸಮೀಪದ ಬೆಟ್ಟಕ್ಕೆ ಅಪ್ಪಳಿಸಿ, ಅದರಲ್ಲಿದ್ದ 141 ಜನರೂ ಸತ್ತರು. ಅವರಲ್ಲಿ ಹೆಚ್ಚಿನವರು ಸ್ವಾಲ್ಬಾರ್ಡಿನ ರಷ್ಯನ್ ಗಣಿ ಊರುಗಳ ಕೆಲಸಗಾರರು ಮತ್ತು ಅವರ ಮನೆಮಂದಿ. 1998ರ ಮಾರ್ಚ್ 31ರಂದು ಪಿರಮಿಡೆನ್‌ನಲ್ಲಿ ಕೊನೆಯ ಕಲ್ಲಿದ್ದಲನ್ನು ತೆಗೆದರು. ಕೊನೆಯ ನಿವಾಸಿಗಳು ಊರು ಬಿಟ್ಟದ್ದು ಅಕ್ಟೋಬರಿನಲ್ಲಿ. ಈ ನಡುವಿನ ಆರು ತಿಂಗಳು, ನೆರೆಹೊರೆಯ ಮನೆಗಳು ಒಂದೊಂದಾಗಿ ಬರಿದಾಗುವುದನ್ನು ನೋಡುತ್ತ, ಏನನ್ನು ಒಯ್ಯುವುದು ಏನನ್ನು ಬಿಡುವುದು ಎಂದು ಲೆಕ್ಕ ಹಾಕುತ್ತ ಅವರು ದಿನ ದೂಡಿರಬೇಕು.

ಹಿಮಕರಡಿಗಳ ಭಯವಿರುವುದರಿಂದ ನಮ್ಮ ಮಾರ್ಗದರ್ಶಿ ಹೆಗಲಿಗೆ ಬಂದೂಕು ಹಾಕಿಕೊಂಡೇ ಊರು ತೋರಿಸಿದರು. ನಾಲ್ಕಂತಸ್ತಿನ ವಸತಿ ಕಟ್ಟಡದ ಕಿಟಕಿಯಂಚುಗಳಲ್ಲೆಲ್ಲ ಕಡಲ ಹಕ್ಕಿಗಳು ಗೂಡು ಕಟ್ಟಿ, ಅವುಗಳ ಕೂಗಿನಿಂದ ಬೀದಿ ತುಂಬಿಹೋಗಿತ್ತು. ಒಂದು ಕೋಣೆಯಲ್ಲಿ ಮೇಜಿನ ನಟ್ಟನಡುವೆ ಮಗುವಿನ ಬೂಟೊಂದಿತ್ತು. ಎಲ್ಲರೂ ಅದರ ಫೋಟೋ ತೆಗೆದರು. ನಾನು ಬಗ್ಗಿ ನೋಡಿದಾಗ ಬೂಟಿನ ಅಡಿಯಲ್ಲಿಯೂ ಸುತ್ತಲಿದ್ದಷ್ಟೇ ದಪ್ಪನೆಯ ಧೂಳಿತ್ತು. ಎಂದರೆ ಊರು ಖಾಲಿಯಾಗಿ ಎಷ್ಟೋ ವರ್ಷಗಳಾದ ಮೇಲೆ, ಚಿತ್ರ ಚೆನ್ನಾಗಿ ಬರಲೆಂದು ಯಾರೋ ಅದನ್ನು ಅಲ್ಲಿ ತಂದಿಟ್ಟಿದ್ದಾರೆ. ಬೇರೆಯವರ ಬದುಕಿನ ಅವಶೇಷಗಳನ್ನು ಹೀಗೆ ನಮ್ಮ ರುಚಿಗೆ ತಕ್ಕಂತೆ ಜೋಡಿಸಿಡುವುದು ಕಳ್ಳತನಕ್ಕಿಂತ ಕಡಿಮೆಯ ತಪ್ಪೆಂದು ನನಗನ್ನಿಸುವುದಿಲ್ಲ.

ಇದೇ ದ್ವೀಪದ ನ್ಯೂ ಒಲೆಸುಂಡ್ ಕೂಡ ಗಣಿ ಊರೇ. 1962ರಲ್ಲಿ 21 ಕಾರ್ಮಿಕರನ್ನು ಬಲಿ ತೆಗೆದುಕೊಂಡ ಸ್ಫೋಟದ ನಂತರ ಅಲ್ಲಿ ಗಣಿ ಮುಚ್ಚಿತು, ಊರು ವಿಜ್ಞಾನಿಗಳ ನೆಲೆಯಾಯಿತು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಲ್ಲಿ ಆರಂಭವಾದದ್ದು ಅಲ್ಲಿಯೇ. ಪಿರಮಿಡೆನ್‌ಗೆ ಉಳಿದಿರುವುದು ಮುಖ್ಯವಾಗಿ ಪ್ರವಾಸಿಗರು ಮಾತ್ರ. ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಲೆನಿನ್ ಪ್ರತಿಮೆಯ ಮುಂದೆ ಅಷ್ಟು ಹೊತ್ತು ನಿಲ್ಲಿಸುವ ಮಾರ್ಗದರ್ಶಿಗಳು ಆ ವಿಮಾನದ ಬಗ್ಗೆಯೂ, ಕೊನೆಯ ಆರು ತಿಂಗಳ ಬಗ್ಗೆಯೂ ವಿವರವಾಗಿ ಹೇಳಬೇಕು. ನೋಡಲು ಹೋದವರು ಕೋಣೆಗಳಲ್ಲಿ ಒಂದು ಚಮಚವನ್ನೂ ಅತ್ತಿತ್ತ ಸರಿಸಬಾರದು.